ಮದುವೆ ಆಗಿಲ್ಲ ಅಂತ ಬರೆದುಕೊಡೋರು ಯಾರು?

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅರಸೀಕೆರೆಯಲ್ಲಿ ನಮ್ಮ ಚಿಕ್ಕಮ್ಮನ ಬೀದಿಗೆ ಒಬ್ಬರು ಅಪರಿಚಿತರು ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಂಕುಳಲ್ಲಿ ಫೈಲು. ಚಿಕ್ಕಮ್ಮನ ಮನೆಗೆ ಹೋಗದೆ ಎದುರು ಮನೆ ಬಾಗಿಲು ತಟ್ಟಿದರು. "ಆ ಮನೆ ಹುಡುಗ ಗೊತ್ತಾ ನಿಮಗೆ? ಮದುವೆ ಆಗಿದೆಯಾ ಅವರಿಗೆ?" ಅಂತ ಕೇಳಿದರು. ಎದುರು ಮನೆ ಅಜ್ಜಿಗೆ ಸಂಶಯವೇ ಬರಲಿಲ್ಲ. ಹೆಣ್ಣಿನ ಕಡೆಯವರು ವಿಚಾರಿಸೋಕೆ ಬಂದಿದ್ದಾರೆ ಅಂದುಕೊಂಡರು. "ಎಲ್ಲಿ ಆಗಿದೆಯಪ್ಪ ಇನ್ನೂ! ಬಂಗಾರದಂಥ ಹುಡುಗ. ಸಿಗರೇಟೂ ಮುಟ್ಟಲ್ಲ. ಒಳಗೆ ಬನ್ನಿ, ಕಾಫಿ ಕುಡಿಯೋರಂತೆ. ನಿಮ್ಮ ಹುಡುಗಿ ಏನು ಓದಿದ್ದಾಳೆ?"

ಬಂದವರು ವಕೀಲರು. ಜರ್ಮನಿಯ ಕಚೇರಿಯೊಂದರ ಪರವಾಗಿ ದಾಖಲೆ ಪರಿಶೀಲನೆಗೆ ಬಂದಿದ್ದರು. ಹುಡುಗಿ ಸ್ಟುಟ್‌ಗಾರ್ಟ್‌ನಲ್ಲಿದ್ದಳು, ನನ್ನ ತಮ್ಮನ, ಅಂದರೆ ಆ ಚಿಕ್ಕಮ್ಮನ ಮಗನ ಜೊತೆ. ಇಬ್ಬರೂ ಮದುವೆ ಆಗಬೇಕು ಅಂತ ಅರ್ಜಿ ಹಾಕಿ ಆಗಲೇ ಐದು ತಿಂಗಳಾಗಿತ್ತು.

ಹೊರದೇಶದವರನ್ನು ಮದುವೆಯಾಗುವ ಕನ್ನಡದ ಹುಡುಗ ಹುಡುಗಿಯರು ಈಗ ಪ್ರತಿ ನೆಂಟರ ಬಳಗದಲ್ಲೂ ಒಬ್ಬಿಬ್ಬರಾದರೂ ಇದ್ದಾರೆ. ಮನೆಯವರನ್ನು ಒಪ್ಪಿಸೋದೇ ದೊಡ್ಡ ಕೆಲಸ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಿಜವಾಗಿ ಕಾಡುವುದು ಒಂದು ಕಾಗದ. ನಿಮಗೆ ಈಗಾಗಲೇ ಮದುವೆ ಆಗಿಲ್ಲ ಅನ್ನುವ ಕಾಗದ. ಅದನ್ನು ಭಾರತದಲ್ಲಿ ಯಾರು ಕೊಡುತ್ತಾರೆ? ಸತ್ಯ ಹೇಳಬೇಕೆಂದರೆ, ಯಾರೂ ಕೊಡೋಕೆ ಆಗಲ್ಲ.

ಯಾಕೆ ಅಂದರೆ, ನಮ್ಮಲ್ಲಿ ಮದುವೆ ಆಗೋದು ಜನರ ಮುಂದೆ. ರಿಜಿಸ್ಟರಿನ ಸರದಿ ಆಮೇಲೆ. 1955ರ ಹಿಂದೂ ವಿವಾಹ ಕಾಯ್ದೆ ಹೇಳುವುದು ಇಷ್ಟೇ: ಗಂಡಿನ ಕಡೆಯ ಅಥವಾ ಹೆಣ್ಣಿನ ಕಡೆಯ ಸಂಪ್ರದಾಯದ ಪ್ರಕಾರ ಶಾಸ್ತ್ರ ನಡೆದರೆ ಮದುವೆ ಆಯಿತು. ರಿಜಿಸ್ಟರ್ ಮಾಡಿಸದಿದ್ದರೂ ಮದುವೆಗೆ ಧಕ್ಕೆ ಇಲ್ಲ ಅಂತ ಅದೇ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ಬರೆದಿದೆ. ಕರ್ನಾಟಕಕ್ಕೆ ತನ್ನದೇ ಆದ, 1976ರ ವಿವಾಹ ನೋಂದಣಿ ಕಾಯ್ದೆ ಇದೆ. ಎಲ್ಲ ಮದುವೆಗಳೂ ಕಡ್ಡಾಯವಾಗಿ ನೋಂದಣಿ ಆಗಬೇಕು ಅಂತ 2006ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಆದರೂ ನಮ್ಮ ಅಪ್ಪ ಅಮ್ಮನ ಮದುವೆಗೆ ಇರುವ ಸಾಕ್ಷಿ ಒಂದು ಲಗ್ನಪತ್ರಿಕೆ ಮತ್ತು ಒಂದು ಕಪ್ಪುಬಿಳುಪು ಆಲ್ಬಂ. ನಿಮ್ಮ ಮನೆಯಲ್ಲೂ ಹಾಗೇ ಅಲ್ವಾ?

ಹೀಗಿರುವಾಗ, ಸಬ್ ರಿಜಿಸ್ಟ್ರಾರ್ ಆಫೀಸಿನ ಪುಸ್ತಕದಲ್ಲಿ ನಿಮ್ಮ ಹೆಸರು ಇಲ್ಲ ಅಂದ ಮಾತ್ರಕ್ಕೆ ನಿಮಗೆ ಮದುವೆ ಆಗಿಲ್ಲ ಅಂತ ಹೇಳುವ ಹಾಗಿಲ್ಲ. ಯಾವುದೋ ಊರಿನ ಛತ್ರದಲ್ಲಿ ತಾಳಿ ಕಟ್ಟಿ ಬಂದಿದ್ದರೆ ಯಾವ ಅಧಿಕಾರಿಗೂ ಗೊತ್ತಾಗಲ್ಲ. ಇಡೀ ದೇಶದ ಮದುವೆಗಳನ್ನು ಒಂದೇ ಕಡೆ ಹುಡುಕಿ ನೋಡುವ ಪಟ್ಟಿ ನಮ್ಮಲ್ಲಿಲ್ಲ.

ಜರ್ಮನಿಯದು ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ 1875ರ ಕಾನೂನಿನಿಂದ ಮದುವೆ ಅಂದರೆ ಸರ್ಕಾರಿ ರಿಜಿಸ್ಟ್ರಾರ್ ಮುಂದೆ ಆಗೋದು. ಚರ್ಚಲ್ಲಿ ಏನೇ ಮಾಡಿಕೊಳ್ಳಿ, ಕಾನೂನಿಗೆ ಅದು ಲೆಕ್ಕಕ್ಕಿಲ್ಲ. 2009ರವರೆಗೆ, ಮೊದಲು ರಿಜಿಸ್ಟ್ರಾರ್ ಮುಂದೆ ಆಗದೆ ಚರ್ಚಲ್ಲಿ ಮದುವೆ ಮಾಡಿಸುವ ಹಾಗೂ ಇರಲಿಲ್ಲ. ಅಂಥ ದೇಶದ ಗುಮಾಸ್ತರಿಗೆ "ನಮ್ಮಲ್ಲಿ ಪುಸ್ತಕದಲ್ಲಿ ಇಲ್ಲದೆಯೂ ಮದುವೆ ಇರುತ್ತದೆ ಸ್ವಾಮಿ" ಅಂದರೆ ಅವರು ಬೆದರದೆ ಇರುತ್ತಾರಾ? ಎದುರು ಮನೆ ಅಜ್ಜಿಯನ್ನು ಕೇಳೋಕೆ ಜನ ಕಳಿಸುವುದು ನಮಗೆ ನಗು ತರಿಸುತ್ತದೆ. ಆದರೆ ನಮ್ಮ ಮದುವೆಯ ನಿಜವಾದ ರಿಜಿಸ್ಟರ್ ಆ ಅಜ್ಜಿಯೇ. ಜರ್ಮನ್ನರು ಸರಿಯಾದ ಆಫೀಸಿಗೇ ಹೋಗಿದ್ದರು.

ಜರ್ಮನ್ ಸಿವಿಲ್ ಕೋಡಿನ 1309ನೇ ಸೆಕ್ಷನ್ ಪ್ರಕಾರ, ಅಲ್ಲಿ ಮದುವೆ ಆಗುವ ಹೊರದೇಶದವರು ತಮ್ಮ ದೇಶದಿಂದ "ಮದುವೆಗೆ ಅಡ್ಡಿ ಇಲ್ಲ" ಅನ್ನುವ ಪ್ರಮಾಣಪತ್ರ ತರಬೇಕು. ಭಾರತ ಆ ನಮೂನೆಯ ಪತ್ರ ಕೊಡುವುದಿಲ್ಲ. ಆಗ ಆ ಪ್ರದೇಶದ ಉನ್ನತ ನ್ಯಾಯಾಲಯದ ಅಧ್ಯಕ್ಷರಿಂದ ವಿನಾಯಿತಿ ಪಡೆಯಬೇಕು. ಸಿಕ್ಕ ವಿನಾಯಿತಿಯ ಆಯಸ್ಸು ಆರು ತಿಂಗಳು ಮಾತ್ರ. ವಿನಾಯಿತಿಗೆ ಬೇಕಾದ ಕಾಗದಗಳು ಜನನ ಪ್ರಮಾಣಪತ್ರ, ಅವಿವಾಹಿತ ಅಂತ ನೀವೂ ನಿಮ್ಮ ತಂದೆ ತಾಯಿಯೂ ಮಾಡಿಕೊಡುವ ಅಫಿಡವಿಟ್, ಎಲ್ಲದರ ಜರ್ಮನ್ ಅನುವಾದ, ಆಮೇಲೆ ಅವುಗಳ ಪರಿಶೀಲನೆ.

ಇಲ್ಲಿ ಅಪೋಸ್ಟಿಲ್ ಬಗ್ಗೆ, ಅಂದರೆ ನಮ್ಮ ದಾಖಲೆ ಹೊರದೇಶದಲ್ಲಿ ನಡೆಯಲಿ ಅಂತ ಹಾಕಿಸುವ ಮುದ್ರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಂಗಳೂರಿನ ಏಜೆಂಟರು ಅದೊಂದು ಮಂತ್ರದಂಡ ಅನ್ನುವ ಹಾಗೆ ಮಾರುತ್ತಾರೆ. ಹೇಗ್ ಅಪೋಸ್ಟಿಲ್ ಒಪ್ಪಂದ ಭಾರತಕ್ಕೆ ಜಾರಿಗೆ ಬಂದದ್ದು 2005ರ ಜುಲೈನಲ್ಲಿ. ವಿದೇಶಾಂಗ ಸಚಿವಾಲಯ ನಿಮ್ಮ ದಾಖಲೆಯ ಮೇಲೆ ಒಂದು ಚೌಕಾಕಾರದ ಸ್ಟಿಕ್ಕರ್ ಅಂಟಿಸುತ್ತದೆ. ಸರ್ಕಾರಿ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಸೇವಾ ಶುಲ್ಕ ಬೇರೆ. ಏಜೆಂಟರು ಇದಕ್ಕೇ ಸಾವಿರಗಟ್ಟಲೆ ಕೀಳುವುದೂ ಉಂಟು. ಆ ಸ್ಟಿಕ್ಕರ್ ಹೇಳುವುದು ಒಂದೇ ಮಾತು: ಈ ಸಹಿ, ಈ ಸೀಲು ಅಸಲಿ. ಒಳಗೆ ಬರೆದಿರುವುದು ನಿಜ ಅಂತ ಅದು ಹೇಳುವುದಿಲ್ಲ. ಅಂದರೆ "ನನಗೆ ಮದುವೆ ಆಗಿಲ್ಲ" ಅಂತ ನೀವೇ ಛಾಪಾಕಾಗದದ ಮೇಲೆ ಬರೆದು, ನೋಟರಿ ಸೀಲು ಒತ್ತಿಸಿ, ಅಪೋಸ್ಟಿಲ್ ಮಾಡಿಸಿದರೂ ಕೊನೆಗೆ ಅದು ನಿಮ್ಮ ಮಾತೇ.

ಬಹಳಷ್ಟು ದೇಶಗಳು ಅಷ್ಟಕ್ಕೇ ಸುಮ್ಮನಾಗುತ್ತವೆ. ಜರ್ಮನಿ ಸುಮ್ಮನಾಗಲಿಲ್ಲ. ಭಾರತ ಒಪ್ಪಂದ ಸೇರಿದಾಗಲೇ ಆಕ್ಷೇಪ ಎತ್ತಿತು. ಹಾಗಾಗಿ ಭಾರತದ ಅಪೋಸ್ಟಿಲ್ ಜರ್ಮನಿಯಲ್ಲಿ ನಡೆಯುವುದಿಲ್ಲ. ಅದರ ಬದಲಿಗೆ ಬಂದದ್ದೇ ಆ ಬಿಳಿ ಶರ್ಟಿನ ವಕೀಲರು. ನನ್ನ ತಮ್ಮ ಮೊದಲೇ ಇದನ್ನು ತಿಳಿದುಕೊಳ್ಳದೆ ನಾಲ್ಕು ದಾಖಲೆಗೆ ಅಪೋಸ್ಟಿಲ್ ಮಾಡಿಸಿ ದುಡ್ಡು ಕಳೆದುಕೊಂಡ. ಕೆನಡಾ 2024ರ ಜನವರಿಯಲ್ಲಷ್ಟೇ ಒಪ್ಪಂದಕ್ಕೆ ಬಂತು. ಒಪ್ಪಂದದಲ್ಲಿ ಇಲ್ಲದ ಕೊಲ್ಲಿ ದೇಶಗಳಿಗೆ ರಾಯಭಾರ ಕಚೇರಿಯ ಅಟೆಸ್ಟೇಷನ್ನೇ ಬೇಕು. ಮಂಗಳೂರು, ಉಡುಪಿ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಯಾವ ದೇಶ, ಯಾವ ಮುದ್ರೆ ಅನ್ನುವುದನ್ನು ದುಡ್ಡು ಕೊಡುವ ಮೊದಲು ಆ ದೇಶದ ಮದುವೆ ಆಫೀಸನ್ನೇ ಕೇಳುವುದು ಒಳ್ಳೆಯದು.

ಅಜ್ಜಿಯ ಸಾಕ್ಷಿಯೇನೋ ಪಾಸಾಯಿತು. ಎಡವಿದ್ದು ಜನನ ಪ್ರಮಾಣಪತ್ರದಲ್ಲಿ.

ನಮ್ಮಲ್ಲಿ ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು. ನಾಮಕರಣ ಎಷ್ಟೋ ಮನೆಗಳಲ್ಲಿ ಆಮೇಲೆ. ಅದಕ್ಕೇ 1969ರ ಜನನ ಮರಣ ನೋಂದಣಿ ಕಾಯ್ದೆ ಹೆಸರಿಲ್ಲದೆಯೇ ನೋಂದಣಿ ಮಾಡಲು ಬಿಡುತ್ತದೆ. ಹೆಸರು ಆಮೇಲೆ ಹೋಗಿ ಸೇರಿಸಬೇಕು. ಯಾರು ಹೋಗುತ್ತಾರೆ? 1990ರ ಆ ಪುಸ್ತಕದಲ್ಲಿ ನನ್ನ ತಮ್ಮನ ಸಾಲಿನಲ್ಲಿ ನೀಲಿ ಶಾಯಿಯಲ್ಲಿ "ಗಂಡು" ಅಂತ ಇದೆ. ಹೆಸರಿನ ಜಾಗ ಖಾಲಿ. ಅಪ್ಪನ ಹೆಸರು "ಅಯ್ಯ" ಅಂತ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಪಾಸ್‌ಪೋರ್ಟಿನಲ್ಲಿ ಅದೇ ಹೆಸರು "ಅಪ್ಪ" ಅಂತ ಮುಗಿಯುತ್ತದೆ. ನಮಗೆ ಎರಡೂ ಒಂದೇ ಮನುಷ್ಯ. ಸ್ಟುಟ್‌ಗಾರ್ಟ್‌ನಲ್ಲಿ ಕೂತವರಿಗೆ ಇಬ್ಬರು ಬೇರೆ ಬೇರೆ ಅಪ್ಪಂದಿರು.

ಇದರ ಮೇಲೆ ಇನಿಷಿಯಲ್ ಬೇರೆ. ನಮ್ಮ ಹೆಸರಿನ ಮುಂದಿನ ಅಕ್ಷರಗಳಲ್ಲಿ ಒಂದು ಊರಿನದು, ಒಂದು ಅಪ್ಪನದು. ಮನೆತನದ ಹೆಸರು ಅನ್ನುವುದು ಎಷ್ಟೋ ಜನರಿಗೆ ಇಲ್ಲವೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು, ಅಲ್ಲಿ ಅಪ್ಪನ ಹೆಸರು ತುಂಬಿದವರು, ಊರಿನ ಹೆಸರು ಬರೆದವರು, ಎಲ್ಲರೂ ಒಂದೇ ಮನೆಯಲ್ಲಿ ಸಿಗುತ್ತಾರೆ. ಮದುವೆ ಅರ್ಜಿಯಲ್ಲಿ "ಕುಟುಂಬದ ಹೆಸರು" ಅಂತ ಕೇಳಿದಾಗ ಏನು ಬರೆಯೋದು? "ಅರಸೀಕೆರೆ ಅಂತ ಬರೆದುಬಿಡು" ಅಂದರು ಚಿಕ್ಕಪ್ಪ. ಅವರು ತಮಾಷೆಗೇ ಅಂದದ್ದು. ಆದರೆ ಅರ್ಜಿಯಲ್ಲಿ ಒಮ್ಮೆ ಬರೆದದ್ದು ಮುಂದೆ ಹೆಂಡತಿ, ಮಕ್ಕಳ ದಾಖಲೆಗೂ ಅಂಟಿಕೊಳ್ಳುತ್ತದೆ. ಮದುವೆಯ ಮಾತು ಶುರುವಾಗುವ ಮೊದಲೇ ಪಾಸ್‌ಪೋರ್ಟು, ಜನನ ಪ್ರಮಾಣಪತ್ರ, ಅಂಕಪಟ್ಟಿ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದಕ್ಷರ ಹೋಲಿಸಿ ನೋಡಿ. ತಿದ್ದಿಸುವ ಕೆಲಸ ಇಲ್ಲಿ ಊರಲ್ಲಿದ್ದಾಗ ಸುಲಭ. ಅಲ್ಲಿಂದ ಫೋನಿನಲ್ಲಿ ತಿದ್ದಿಸೋದು ನರಕ.

ಹಾಗಾದರೆ ಊರಿಗೇ ಬಂದು ಮದುವೆ ಆಗಿಬಿಟ್ಟರೆ? ಇದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಜಾಸ್ತಿ ಜನ ಜಾರಿ ಬೀಳುವುದೂ ಇಲ್ಲೇ.

ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ಆಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ಒಬ್ಬರು ಹಿಂದೂ, ಒಬ್ಬರು ಕ್ರೈಸ್ತರಾಗಿದ್ದರೆ ಆ ಕಾಯ್ದೆಯಡಿ ಆ ಮದುವೆ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ, ಹೇಗೋ ಅದೇ ಕಾಯ್ದೆಯಡಿ ಸರ್ಟಿಫಿಕೇಟು ಮಾಡಿಸಿಕೊಡುವವರು ಸಿಗುತ್ತಾರೆ. ವೀಸಾಗೆ ಅದು ಸಾಕಾಗಲೂಬಹುದು. ಹತ್ತು ವರ್ಷದ ಮೇಲೆ ಆಸ್ತಿ ಪಾಲೋ ವಿಚ್ಛೇದನವೋ ಬಂದಾಗ ಬುಡವೇ ಅಲ್ಲಾಡುತ್ತದೆ.

ಇನ್ನೊಂದು ಅಭ್ಯಾಸವೂ ಇದೆ. ಹುಡುಗ ಹುಡುಗಿ ಇಬ್ಬರೂ ನಮ್ಮವರೇ ಆದಾಗ ಇದು ಜಾಸ್ತಿ. "ವೀಸಾಗೆ ಟೈಮ್ ಆಗುತ್ತೆ, ಈಗ ರಿಜಿಸ್ಟರ್ ಮಾಡಿಸಿಬಿಡಿ, ಮುಹೂರ್ತ ಡಿಸೆಂಬರಿಗೆ ಇಟ್ಟುಕೊಳ್ಳೋಣ." 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಬಂದದ್ದು ಹೆಚ್ಚುಕಡಿಮೆ ಇಂಥದ್ದೇ ಒಂದು ಪ್ರಕರಣ. ಇಬ್ಬರು ಪೈಲಟ್‌ಗಳು ಶಾಸ್ತ್ರ ನಡೆಯುವ ಮೊದಲೇ ಸರ್ಟಿಫಿಕೇಟು ಮಾಡಿಸಿಕೊಂಡಿದ್ದರು. ಶಾಸ್ತ್ರ ನಡೆಯುವ ಮೊದಲೇ ಜಗಳವಾಯಿತು. ನ್ಯಾಯಮೂರ್ತಿ ಆಗಸ್ಟೀನ್ ಜಾರ್ಜ್ ಮಸೀಹ್ ಮತ್ತು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ, ಶಾಸ್ತ್ರವೇ ನಡೆಯದಿದ್ದ ಮೇಲೆ ರಿಜಿಸ್ಟರ್ ಮಾಡಿಸಿದ್ದರೂ ಅದು ಹಿಂದೂ ಮದುವೆ ಅಲ್ಲ ಅಂತ ತೀರ್ಪು ಕೊಟ್ಟಿತು. ವೀಸಾಗೋಸ್ಕರ ಮೊದಲೇ ರಿಜಿಸ್ಟರ್ ಮಾಡಿಸುವ ಈ ರೂಢಿಯನ್ನೇ ಹೆಸರಿಸಿ ಎಚ್ಚರಿಸಿತು.

ಈಗ ಅರಸೀಕೆರೆಯ ಅಜ್ಜಿಯನ್ನೂ ಜರ್ಮನ್ ಗುಮಾಸ್ತರನ್ನೂ ಮತ್ತೆ ನೆನೆಯಿರಿ. ನಮ್ಮ ಕಾನೂನಿನಲ್ಲಿ ಶಾಸ್ತ್ರ ಇದ್ದು ಕಾಗದ ಇಲ್ಲದಿದ್ದರೂ ಮದುವೆ. ಕಾಗದ ಇದ್ದು ಶಾಸ್ತ್ರ ಇಲ್ಲದಿದ್ದರೆ ಮದುವೆ ಅಲ್ಲ. ಅವರಲ್ಲಿ ಕಾಗದವೇ ಮದುವೆ. ಎರಡು ದೇಶದ ನಡುವೆ ಓಡಾಡುವ ಜೋಡಿ ಎಡವುವುದೆಲ್ಲ ಈ ಎರಡರ ಸಂದಿಯಲ್ಲೇ.

ಆ ಸಂದಿಗೆ ಸೇತುವೆ ನಮ್ಮಲ್ಲಿಯೇ ಇದೆ. 1954ರ ವಿಶೇಷ ವಿವಾಹ ಕಾಯ್ದೆ. ಇದರಲ್ಲಿ ಜಾತಿ, ಧರ್ಮ ಕೇಳುವುದಿಲ್ಲ. "ಯಾವುದೇ ಇಬ್ಬರು ವ್ಯಕ್ತಿಗಳು" ಅನ್ನುತ್ತದೆ ಕಾಯ್ದೆ. ಹೊರದೇಶದವರಿಗೂ ಬಾಗಿಲು ತೆರೆದಿದೆ. ಇಲ್ಲಿ ವಿವಾಹ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ ಒಬ್ಬರನ್ನೊಬ್ಬರು ಒಪ್ಪಿದ್ದೇವೆ ಅಂತ ಹೇಳಿ ಸಹಿ ಹಾಕುವುದೇ ಮದುವೆ. ಶಾಸ್ತ್ರ ಬೇಕಿದ್ದರೆ ಆಮೇಲೆ ಮನಸಾರೆ ಮಾಡಿಕೊಳ್ಳಬಹುದು, ಕಾನೂನಿಗೆ ಬೇಡ. ವೀಸಾಗೆ ಮುಂಚೆಯೇ ಸರ್ಟಿಫಿಕೇಟು ಬೇಕು ಅನ್ನುವವರು ಇಬ್ಬರೂ ಹಿಂದೂಗಳೇ ಆಗಿದ್ದರೂ ಈ ಕಾಯ್ದೆಯಲ್ಲಿ ಆಗುವುದು ಕ್ಷೇಮ. ನನ್ನ ಅಭಿಪ್ರಾಯದಲ್ಲಿ ಇದನ್ನು ಓಡಿಹೋಗಿ ಮದುವೆ ಆಗುವವರ ಕಾಯ್ದೆ ಅಂತ ನೋಡುವ ನಮ್ಮ ಮಧ್ಯಮವರ್ಗದ ಮುಜುಗರವೇ ಎಷ್ಟೋ ತೊಂದರೆಗೆ ಮೂಲ.

ತೊಡಕು ಇರುವುದು ದಿನಗಳಲ್ಲಿ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ನೋಟಿಸಿಗೆ ಮುಂಚೆ 30 ದಿನ ವಾಸ ಇರಬೇಕು. ನೋಟಿಸ್ ಹಾಕಿದ ಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ. ಅದಾದ ಮೇಲೆ ಸುಮ್ನೆ ಕೂರುವಂತೆಯೂ ಇಲ್ಲ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಎಲ್ಲ ಮೊದಲಿನಿಂದ. ಅಂದರೆ ಮೂರು ವಾರದ ರಜೆ ಹಾಕಿ ಬರುವ ಟೆಕ್ಕಿಗೆ ಇದು ಆಗದ ಮಾತು. ಊರಲ್ಲೇ ಇರುವವರು ಒಬ್ಬರಿದ್ದರೆ ಮಾತ್ರ ಲೆಕ್ಕ ಕೂಡುತ್ತದೆ. ನೋಟಿಸ್ ಬೋರ್ಡಿನಲ್ಲಿ ಹೆಸರು, ವಿಳಾಸ ಅಂಟಿಸುವುದು ಪ್ರೇಮಿಗಳಿಗೆ ಅಪಾಯ ಅನ್ನುವ ವಾದ ಹಳೆಯದು. 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನು ಜೋಡಿಯ ಇಷ್ಟಕ್ಕೆ ಬಿಟ್ಟಿತು. ಆದರೆ ಕಾಯ್ದೆಯ ಅಕ್ಷರ ಬದಲಾಗಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಜರ್ಮನ್ ಹುಡುಗಿ ಭಾರತಕ್ಕೆ ಬಂದು ಮದುವೆಯಾಗಲು ಬೇಕಾದ "ಅಡ್ಡಿ ಇಲ್ಲ" ಪತ್ರವನ್ನು ಅವಳ ಊರಿನ ನೋಂದಣಿ ಕಚೇರಿಯೇ ಕೊಡುತ್ತದೆ. ಅಮೆರಿಕದವರಿಗೆ ಮಾತ್ರ ನಮ್ಮದೇ ಗತಿ. ಅಲ್ಲೂ ದೇಶಕ್ಕೆಲ್ಲ ಒಂದು ಮದುವೆ ಪುಸ್ತಕ ಇಲ್ಲ. ಅವರೂ ಸ್ವಂತ ಪ್ರಮಾಣದ ಮೇಲೆಯೇ ನಡೆಸಬೇಕು.

ಅಮೆರಿಕದಲ್ಲಿ ಮದುವೆ ಆಗೋದು ಸುಲಭ. ಲಾಸ್ ವೇಗಸ್‌ನಲ್ಲಿ ಲೈಸೆನ್ಸ್ ಕೊಡುವ ಆಫೀಸು ರಾತ್ರಿ ಹನ್ನೆರಡರವರೆಗೆ ತೆರೆದಿರುತ್ತದೆ. ಪಾಸ್‌ಪೋರ್ಟು ತೋರಿಸಿದರೆ ಸಾಕು. ಕಷ್ಟ ಇರುವುದು ಅಲ್ಲೇ ಉಳಿಯೋದರಲ್ಲಿ. ಅಮೆರಿಕದ ಪ್ರಜೆಯನ್ನು ಅಲ್ಲಿ ಹೋಗಿ ಮದುವೆಯಾಗಲು ಕೆ-1 ವೀಸಾ ಇದೆ, ಕಾಲಿಟ್ಟ 90 ದಿನದಲ್ಲಿ ಮದುವೆ ಆಗಬೇಕು. ಅದಕ್ಕೆ ಅರ್ಜಿ ಹಾಕುವ ಮುಂಚಿನ ಎರಡು ವರ್ಷದಲ್ಲಿ ಇಬ್ಬರೂ ಒಮ್ಮೆಯಾದರೂ ಮುಖಾಮುಖಿ ಭೇಟಿ ಆಗಿರಬೇಕು. ಹಿರಿಯರು ನಿಶ್ಚಯಿಸಿದ, ಮದುವೆಗೆ ಮೊದಲು ನೋಡುವ ಪದ್ಧತಿಯೇ ಇಲ್ಲದ ಸಂಪ್ರದಾಯಗಳಿಗೆ ಅದರಲ್ಲೂ ವಿನಾಯಿತಿ ಉಂಟು! ಬ್ರಿಟನ್ನಿನಲ್ಲಿ ಮದುವೆಗೆಂದೇ ಬೇರೆ ಸಂದರ್ಶಕ ವೀಸಾ ಇದೆ. 28 ದಿನದ ನೋಟಿಸು, ಮದುವೆಯ ಉದ್ದೇಶದ ಮೇಲೆ ಸಂಶಯ ಬಂದರೆ 70 ದಿನ. ಆ ವೀಸಾದಲ್ಲಿ ಮದುವೆ ಆಗಿ ವಾಪಸ್ ಬರಬೇಕೇ ಹೊರತು ಉಳಿಯುವಂತಿಲ್ಲ.

ಅಲ್ಲಿರುವ ಭಾರತದ ರಾಯಭಾರ ಕಚೇರಿಯಲ್ಲೇ ಮದುವೆ ಆಗಬಹುದಲ್ಲ ಅಂತ ಕೆಲವರು ಕೇಳುತ್ತಾರೆ. 1969ರ ವಿದೇಶಿ ವಿವಾಹ ಕಾಯ್ದೆ ಇರೋದೇ ಅದಕ್ಕೆ. ಒಬ್ಬರಾದರೂ ಭಾರತದ ಪ್ರಜೆ ಆಗಿರಬೇಕು. ಇಲ್ಲೂ 30 ದಿನದ ನೋಟಿಸು ಇದೆ. ಆದರೆ ಆ ದೇಶದ ಕಾನೂನು ಒಪ್ಪದಿದ್ದರೆ ಅಧಿಕಾರಿ ಆಗಲ್ಲ ಅನ್ನಬಹುದು. ಈ ಕಾಯ್ದೆಯ ಹೆಚ್ಚು ಉಪಯುಕ್ತ ಭಾಗ 17ನೇ ಸೆಕ್ಷನ್. ಅಲ್ಲಿನ ಕಾನೂನಿನ ಪ್ರಕಾರ ಆದ ಮದುವೆಯನ್ನು ಭಾರತದ ಪುಸ್ತಕದಲ್ಲೂ ಬರೆಸಲು ಅದು ದಾರಿ. ಸಲಿಂಗಿ ಜೋಡಿಗಳಿಗೆ ಭಾರತದ ಕಾನೂನಿನ ಈ ಯಾವ ದಾರಿಯೂ ಇಲ್ಲ. 2023ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಜರ್ಮನಿಯಲ್ಲಿ ಗಂಡ ಗಂಡ ಆಗಿರುವ ಇಬ್ಬರು ಬೆಂಗಳೂರಲ್ಲಿ ಇಳಿದರೆ ಕಾನೂನಿನ ಕಣ್ಣಿಗೆ ಬರೀ ಸ್ನೇಹಿತರು.

ತಮ್ಮನ ಕಥೆಗೆ ಬರೋಣ. ಜನನ ಪುಸ್ತಕ ತಾಳೆಯಾಗಲಿಲ್ಲ ಅಂತ ವರದಿ ಹೋಯಿತು. ಮತ್ತೆ ಅರ್ಜಿ, ಮತ್ತೆ ತಿಂಗಳುಗಳು. ಆಗ ಆಫೀಸಿನ ಗೆಳೆಯನೊಬ್ಬ ಹೇಳಿದನಂತೆ, "ಡೆನ್ಮಾರ್ಕಿಗೆ ಹೋಗೋ."

ಜರ್ಮನಿಯ ಕಾಗದಕ್ಕೆ ಬೇಸತ್ತ ಜೋಡಿಗಳೆಲ್ಲ ಹಿಡಿಯುವ ದಾರಿ ಇದು. ಡೆನ್ಮಾರ್ಕಿನಲ್ಲಿ 2019ರಿಂದ ಕುಟುಂಬ ವ್ಯವಹಾರಗಳ ಒಂದೇ ಕೇಂದ್ರ ಸಂಸ್ಥೆ ಹೊರಗಿನ ಜೋಡಿಗಳ ಅರ್ಜಿ ನೋಡುತ್ತದೆ. ಪಾಸ್‌ಪೋರ್ಟು, ಅಲ್ಲಿರಲು ಹಕ್ಕಿದೆ ಅನ್ನುವ ದಾಖಲೆ, ಸಂಬಂಧ ನಿಜ ಅನ್ನೋದಕ್ಕೆ ಸಾಕ್ಷಿ ಕೇಳುತ್ತಾರೆ. ಜನನ ಪ್ರಮಾಣಪತ್ರ ಕೇಳುವುದಿಲ್ಲ! ಒಪ್ಪಿಗೆ ಸಿಕ್ಕರೆ ಅದಕ್ಕೆ ನಾಲ್ಕು ತಿಂಗಳ ಆಯಸ್ಸು. ಅಷ್ಟರಲ್ಲಿ ಯಾವ ಊರಿನ ಟೌನ್‌ಹಾಲಿನಲ್ಲಾದರೂ ಮದುವೆ ಆಗಬಹುದು. ಏರೋ ಅನ್ನುವ ಪುಟ್ಟ ದ್ವೀಪವಂತೂ ಇದರಿಂದಲೇ ಹೆಸರು ಮಾಡಿದೆ. ಸ್ವೆಂಡ್‌ಬೋರ್ಗ್‌ನಿಂದ ಫೆರ್ರಿಯಲ್ಲಿ ಒಂದೂ ಕಾಲು ಗಂಟೆ. ಸಾಕ್ಷಿಗಳನ್ನೂ ಅವರೇ ಕೊಡುತ್ತಾರೆ. ತಮ್ಮನ ಮದುವೆಗೆ ಸಾಕ್ಷಿ ಹಾಕಿದ ಇಬ್ಬರು ಹೆಂಗಸರ ಹೆಸರು ಅವನಿಗೆ ಈಗಲೂ ಗೊತ್ತಿಲ್ಲ. ಹತ್ತು ನಿಮಿಷದಲ್ಲಿ ಮುಗಿಯಿತು. ಆ ಸರ್ಟಿಫಿಕೇಟನ್ನು ಜರ್ಮನಿ ಒಪ್ಪಿತು. ಅದರ ಮೇಲೆ ಡೆನ್ಮಾರ್ಕಿನ ಅಪೋಸ್ಟಿಲ್ ಇದ್ದದ್ದರಿಂದ ಭಾರತದ ಅಧಿಕಾರಿಗಳೂ ತಕರಾರು ತೆಗೆಯಲಿಲ್ಲ.

ಪೂರ್ತಿ ತಪ್ಪಿಸಿಕೊಂಡ ಅಂತೇನಲ್ಲ. ಮಗು ಹುಟ್ಟಿದಾಗ ಜರ್ಮನ್ ಕಚೇರಿ ಅಪ್ಪ ಅಮ್ಮನ ಜನನ ಪ್ರಮಾಣಪತ್ರ ಕೇಳುತ್ತದೆ. "ಗಂಡು" ಅಂತ ಬರೆದ ಆ ಪುಸ್ತಕ ಅಲ್ಲಿ ಕಾದು ಕೂತಿರುತ್ತದೆ. ಅದಕ್ಕೇ ಈಗ ಚಿಕ್ಕಪ್ಪ ತಿಂಗಳಿಗೊಮ್ಮೆ ಹೆಸರು ಸೇರಿಸುವ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ.

ದ್ವೀಪದಲ್ಲಿ ಖಾಲಿ ಇದ್ದ ದಿನ ಸಿಕ್ಕಿದ್ದು ಜುಲೈ ಮಧ್ಯದಲ್ಲಿ. ಫೋನಿನಲ್ಲಿ ಸುದ್ದಿ ಕೇಳಿ ಚಿಕ್ಕಮ್ಮ ಹೌಹಾರಿದರು. "ಆಷಾಢದಲ್ಲಿ ಯಾರಾದರೂ ಮದುವೆ ಆಗ್ತಾರೇನೋ?" ಮುಂದಿನ ವೈಶಾಖದಲ್ಲಿ ಅರಸೀಕೆರೆಯ ಛತ್ರದಲ್ಲಿ ಧಾರೆ ಎರೆದರು. ಎದುರು ಮನೆ ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಸೊಸೆ ಏನು ಓದಿದ್ದಾಳೆ ಅಂತ ಅವತ್ತು ಅವರಿಗೆ ಉತ್ತರ ಸಿಕ್ಕಿತು.

ಆದರೆ ಈ ಎರಡನೇ ಮದುವೆಯನ್ನು ರಿಜಿಸ್ಟರ್ ಮಾಡಿಸಬೇಡಿ ಅಂತ ವಕೀಲರೊಬ್ಬರು ಖಡಾಖಂಡಿತವಾಗಿ ಹೇಳಿದ್ದರು. ಮದುವೆ ಆದವರು ಮತ್ತೆ ಹೊಸದಾಗಿ ಮದುವೆ ಆಗುವಂತಿಲ್ಲ, ತಮ್ಮ ಹೆಂಡತಿಯನ್ನೇ ಆದರೂ. ಎರಡು ಸರ್ಟಿಫಿಕೇಟು, ಎರಡು ತಾರೀಖು ಇದ್ದರೆ ಮುಂದೆ ಪ್ರತಿ ಅರ್ಜಿಯಲ್ಲೂ ಪ್ರಶ್ನೆ ಏಳುತ್ತದೆ. ಹೆಂಡತಿಗೆ ಒಸಿಐ ಕಾರ್ಡು, ಅಂದರೆ ವೀಸಾ ಇಲ್ಲದೆ ಭಾರತಕ್ಕೆ ಬಂದಿರಲು ಹೊರದೇಶದವರಿಗೆ ಕೊಡುವ ಕಾರ್ಡು, ಬೇಕಾದರೆ ನೋಂದಣಿಯಾದ ಮದುವೆ ಎರಡು ವರ್ಷ ಸತತವಾಗಿ ಉಳಿದಿರಬೇಕು. ಆ ಲೆಕ್ಕ ಶುರುವಾಗುವುದು ಏರೋ ದ್ವೀಪದ ತಾರೀಖಿನಿಂದ. ಚಿಕ್ಕಮ್ಮ ವಾರ್ಷಿಕೋತ್ಸವಕ್ಕೆ ಪಾಯಸ ಮಾಡೋದು ವೈಶಾಖದಲ್ಲಿ. ಅರ್ಜಿ ಹಾಕೋದು ಮಾತ್ರ ಈ ಆಷಾಢ ಕಳೆದ ಮೇಲೆ.